ಗೇಟಿಗೆ ಕಟ್ಟಿದ ತೊಟ್ಟಿಲು

ನನ್ನ ತಮ್ಮನಿಗೆ ಐದು ತಿಂಗಳು ತುಂಬಿದರೂ ಹೆಸರಿಟ್ಟಿರಲಿಲ್ಲ. ನಮ್ಮಲ್ಲಿ ಹೆಸರಿಡಬೇಕಾದವಳು ಸೋದರತ್ತೆ. ಹರಿಹರದಾಚೆ ಕೊಕ್ಕನೂರಿನಲ್ಲಿದ್ದ ಅಪ್ಪನ ಅಕ್ಕ, ನಾಟಿ ಮುಗಿಯಲಿ, ಕಳೆ ತೆಗೆದಾಗಲಿ ಎಂದು ದಿನ ದೂಡುತ್ತಲೇ ಇದ್ದಳು. ಹಾಗಾಗಿ ಅವನು ಎಲ್ಲರ ಬಾಯಲ್ಲೂ ಬರೀ ಕೂಸು. ಆ ಕೂಸು ಬೆಳಗಿನಿಂದ ಸಂಜೆಯವರೆಗೆ ನನ್ನ ಸೊಂಟದ ಮೇಲೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯ ಒಂದು ಹತ್ತಿಯ ಮಿಲ್ಲಿಗೆ ಅಪ್ಪ, ಅವ್ವ ಇಬ್ಬರೂ ಹೋಗುತ್ತಿದ್ದರು. ಅವ್ವ ನೂಲು ಸುತ್ತುವ ಕಡೆ. ಗೇಟಿನೊಳಗೆ ಎಡಕ್ಕೆ ಒಂದು ಹೆಂಚಿನ ಕೋಣೆಯಿತ್ತು. ಹೆಣ್ಣಾಳುಗಳು ತಮ್ಮ ಮಕ್ಕಳನ್ನು ಅಲ್ಲಿ ತೊಟ್ಟಿಲಿಗೆ ಹಾಕಿ ಕೆಲಸಕ್ಕೆ ನಿಲ್ಲುತ್ತಿದ್ದರು, ನಡುವೆ ಬಂದು ಹಾಲೂಡಿಸಿ ಹೋಗುತ್ತಿದ್ದರು. ಆ ವರ್ಷ ಹತ್ತಿ ಹೆಚ್ಚು ಬಂತೆಂದು ತೊಟ್ಟಿಲುಗಳನ್ನು ಬಿಚ್ಚಿ, ಕೋಣೆಯ ತುಂಬ ಅರಳೆ ಮೂಟೆ ಒಟ್ಟಿದರು. ಕೂಸುಗಳು ಎಲ್ಲಿಗೆ ಹೋಗಬೇಕೆಂದು ಯಾವ ಪುಣ್ಯಾತ್ಮನೂ ಕೇಳಲಿಲ್ಲ. ಅವ್ವ ನನ್ನನ್ನು ಮೂರನೇ ಕ್ಲಾಸಿನಿಂದ ಬಿಡಿಸಿದಳು.

ನನಗೋ ಶಾಲೆಯೆಂದರೆ ಪ್ರಾಣ. ಅವ್ವನ ಮೇಲೆ ಉರಿದು ಬೀಳುತ್ತಿದ್ದೆ, ಕೂಸನ್ನು ಮುದ್ದಿಸುತ್ತಲೂ ಇದ್ದೆ. ಅವನು ನಕ್ಕರೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ಮಿಲ್ಲಿನ ಎದುರಿನ ಬೇವಿನ ಮರದಡಿ ನನ್ನಂಥ ಇನ್ನೂ ಕೆಲವು ಹುಡುಗಿಯರು ಒಂದೊಂದು ಕೂಸು ಹೊತ್ತು ಕೂತಿರುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳು ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದರು. ಅವರು ಬರುವ ಹೊತ್ತಿಗೆ ನಾನು ಮರದ ಹಿಂದೆ ಸರಿದು ನಿಲ್ಲುತ್ತಿದ್ದೆ.

ಕೋಣೆ ಬಿಟ್ಟುಕೊಡಿ ಎಂದು ಹೆಂಗಸರು ಕೇಳಿ ಕೇಳಿ ಸಾಕಾದರು. ಯೂನಿಯನ್ನಿನ ಗಂಡಸರು ಗೇಟಿನ ಮುಂದೆ ಭಾಷಣ ಮಾಡಿದರು. ಅದರಲ್ಲಿ ಇಡೀ ಪ್ರಪಂಚದ ವಿಚಾರ ಬಂತು, ತೊಟ್ಟಿಲಿನ ವಿಚಾರ ಒಂದು ಬಿಟ್ಟು. ಮರುದಿನ ಪೊಲೀಸರು ಬಂದು, ಇನ್ನು ಅಲ್ಲಿ ಸಭೆ ಕೂಡದು, ಘೋಷಣೆ ಕೂಡದು ಎಂದು ಹೇಳಿಹೋದರು.

ಆ ಸಂಜೆ ಬೀದಿಯ ನಲ್ಲಿಯ ಹತ್ತಿರ ಅವ್ವ ಕೊಡ ಕೆಳಗಿಟ್ಟು ಹೇಳಿದಳು: "ಸಭೆ ಬ್ಯಾಡಂದ್ರೆ ಬ್ಯಾಡ ಬಿಡ್ರಿ. ನನ್ನ ಕೂಸಿಗೆ ಹೆಸರಿಡೋದೈತೆ. ಗೇಟಿನಾಗೇ ಇಡ್ತೀನಿ. ಎಲ್ಲಾರೂ ಹಾಡಾಕ ಬರ್ರಿ."

ಅತ್ತೆಗೆ ಹೇಳಿ ಕಳಿಸಿದ್ದಾಯಿತು, ಎಲ್ಲಿ ಎಂಬುದನ್ನು ಮಾತ್ರ ಹೇಳಲಿಲ್ಲ. ಇಳಕಲ್ ಸೀರೆಯುಟ್ಟು, ಗುಗ್ಗರಿಯ ಬುಟ್ಟಿ ಹೊತ್ತು ಹರಿಹರದಿಂದ ರೈಲಿನಲ್ಲಿ ಬಂದಿಳಿದವಳನ್ನು ಅವ್ವ ನೇರ ಮಿಲ್ಲಿಗೆ ನಡೆಸಿದಳು. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಹೆಂಗಸರು ಆಗಲೇ ಒಂದು ಸೀರೆಯ ತುದಿಗಳನ್ನು ಅರೆ ತೆರೆದ ಗೇಟಿನ ಎರಡು ಬಾಗಿಲಿಗೂ ಬಿಗಿದು ನಡುವೆ ತೊಟ್ಟಿಲು ಕಟ್ಟಿದ್ದರು. ತೊಟ್ಟಿಲು ಬಿಚ್ಚದೆ ಗೇಟು ಪೂರ್ತಿ ತೆಗೆಯುವಂತಿರಲಿಲ್ಲ. ಅವ್ವ ಕೂಸನ್ನು ನನ್ನಿಂದ ಇಸಿದುಕೊಂಡು ಅದರಲ್ಲಿ ಮಲಗಿಸಿದಳು.

ಅತ್ತೆ ಕೆಂಡವಾದಳು. "ನಮ್ಮ ಮನೆತನದ ಕೂಸಿಗೆ ಬೀದ್ಯಾಗ ಹೆಸರಿಡ್ತಾರೇನ? ನಾ ಒಲ್ಲೆ. ಬಂದ ರೈಲಿಗೇ ಹೋಗ್ತೀನಿ."

"ಅಕ್ಕಾ, ಒಂದೀಟು ನಿಲ್ರಿ," ಎಂದು ಅವ್ವ ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಹಾಡು ಶುರುವಾಗಿತ್ತು.

ಅರಳೆ ಮೂಟೆಗೆ ಹೆಂಚಿನ ಮನೆ ಐತೆ, ಜೋ ಜೋ,
ನಮ್ಮ ಕೂಸಿಗೆ ಬಯಲ ಬಿಸಿಲೈತೆ, ಜೋ ಜೋ.

ಒಂದು ಸಾಲನ್ನು ಗೇಟಿನ ಒಳಗಿನವರು ಹಾಡಿದರೆ ಮುಂದಿನದು ಹೊರಗಿನವರದು. ತೊಟ್ಟಿಲನ್ನು ಅವರು ಇತ್ತ ತೂಗಿದರೆ ಇವರು ಅತ್ತ ತೂಗುತ್ತಿದ್ದರು. ನೂಲು ಸುತ್ತುವ ಖಾಲಿ ಬಾಬಿನ್ನುಗಳನ್ನೇ ಕೋಲು ಮಾಡಿಕೊಂಡು ಎರಡೂ ಕಡೆ ಕೋಲಾಟ ಎದ್ದಿತು. ಅವು ಮಿಲ್ಲಿನ ಸ್ವತ್ತು ಎಂದು ಕಾವಲುಗಾರ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೂದಲಿಗೆ ಅರಳೆ ಅಂಟಿಸಿಕೊಂಡೇ ಅವ್ವ ಕುಣಿದಳು. ನಮ್ಮವ್ವ ಅಷ್ಟು ಚಂದ ಕುಣಿಯುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಮುಖ ತಿರುಗಿಸಿ ನಿಂತಿದ್ದ ಅತ್ತೆಯ ಕಣ್ಣಿಗೆ ನಾನು ಬಿದ್ದೆ. "ನೀ ಯಾಕ ಇಲ್ಲಿದ್ದಿ? ಸಾಲಿ ಇಲ್ಲೇನು?"

ನಾನು ಮರದ ಕಡೆ ಸರಿಯಹೋದೆ. ಪಕ್ಕದಲ್ಲಿ ಕೂಸು ಹೊತ್ತು ನಿಂತಿದ್ದ ಹುಡುಗಿಯೇ, ಕೋಣೆಗೆ ಮೂಟೆ ತುಂಬಿದ್ದು, ನನ್ನನ್ನು ಶಾಲೆ ಬಿಡಿಸಿದ್ದು, ಎಲ್ಲ ಹೇಳಿದಳು. ಅತ್ತೆ ಆ ಕೋಣೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಲ ಪಕ್ಕ ಹೋಗಿ ನಿಂತಳು.

ಅದೇ ಹೊತ್ತಿಗೆ ಹತ್ತಿಯ ಲಾರಿಯೊಂದು ಬಂದು ಹಾರನ್ ಹೊಡೆಯತೊಡಗಿತು. ಮಿಲ್ಲಿನ ಮ್ಯಾನೇಜರರು ಓಡಿ ಬಂದರು; ಇದೇ ಊರಿನ ಹಳೆಯ ವ್ಯಾಪಾರಸ್ಥ ಮನೆತನದವರು. "ಲಗೂನ ಹೆಸರು ಹೇಳಿ ಮುಗಿಸ್ರಮ್ಮ, ಲಾರಿ ಒಳಗ ಬರಬೇಕು."

"ಹೇಳ್ತೀನ್ರಿ ಯಪ್ಪಾ," ಎಂದಳು ಅತ್ತೆ, ತೂಗುತ್ತಲೇ. "ಆ ಕೋಣೆ ಖಾಲಿ ಆಗ್ಲಿ, ಹೇಳ್ತೀನಿ. ಸೋದರತ್ತಿ ಹೆಸರು ಹೇಳೋಗಂಟ ಕೂಸು ತೊಟ್ಲಿಂದ ಏಳಂಗಿಲ್ಲ. ನಿಮ್ಮನ್ಯಾಗೂ ಹಂಗೇ ಅಲ್ಲೇನ್ರಿ?"

ಅವರ ಮನೆಯಲ್ಲೂ ಹಾಗೇ. ಅವರು ಗೇಟಿನ ಬಳಿ ಕಾವಲಿಗೆ ಹಾಕಿದ್ದ ಪೊಲೀಸಿನವನ ಕಡೆ ನೋಡಿದರು. ಅವನು ಗಂಟಿಗೆ ಕೈ ಹಾಕಿದವನು ಹಿಂದೆ ತೆಗೆದ. "ತೊಟ್ಲು ಬಿಚ್ಚಾಕ ನನ್ನ ಕೈಲಿ ಆಗಲ್ರಿ ಸಾಹೇಬ್ರ, ನಾನೂ ಮಕ್ಕಳೊಂದಿಗ."

ನಾಳೆ ಖಾಲಿ ಮಾಡಿಸುತ್ತೇನೆ ಎಂದರು ಮ್ಯಾನೇಜರರು. ಹಂಗಾದ್ರೆ ಹೆಸರೂ ನಾಳೆ ಎಂದಳು ಅತ್ತೆ. ಹೆಂಗಸರು ನಕ್ಕು ಇನ್ನೂ ಜೋರಾಗಿ ಹಾಡಿದರು. ಲಾರಿಯ ಹಿಂದೆ ಇನ್ನೊಂದು ಲಾರಿ ಬಂತು. ಕೊನೆಗೆ ಮ್ಯಾನೇಜರರು ಹಮಾಲರನ್ನು ಕರೆದರು. ಮೊದಲ ಮೂಟೆ ಹೊರಗೆ ಬಂದಾಗಲೂ ಯಾರೂ ಹಾಡು ನಿಲ್ಲಿಸಲಿಲ್ಲ. ಹೆಂಗಸರು ಕೇಳಿದ್ದ ಕೂಲಿ ಹೆಚ್ಚಳದಂಥ ಬೇರೆ ಯಾವುದೂ ಆ ವರ್ಷ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಸಿಕ್ಕಿದ್ದು ಆ ಕೋಣೆ.

ಕೋಣೆ ಖಾಲಿಯಾದ ಮೇಲೆ ಅತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಊದಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಅವಳು ಅಯ್ಯೋ ಎನ್ನುತ್ತ ನಗುತ್ತಲೇ ಗುಗ್ಗರಿ ಹಂಚಿದಳು, ಪೊಲೀಸಿನವನಿಗೂ ಒಂದು ಬೊಗಸೆ.

ಅವ್ವ ತೊಟ್ಟಿಲು ಬಿಚ್ಚಿ ಕೂಸನ್ನೆತ್ತಿಕೊಂಡಳು. ನಾನು ರೂಢಿಯಂತೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇವ್ನ ಅವ್ವ ನಾನು, ನೀನಲ್ಲ," ಎಂದಳು. "ನೀ ಸಾಲಿಗೆ ಹೋಗು ನನ್ನವ್ವಾ."