ನಿಲ್ಲದ ಓದು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಬಡಗಿಯಾಗಿದ್ದ ನನ್ನ ಅಪ್ಪನ ಜೊತೆ ಒಂದು ದಿನ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಮರ ತರಲು ಹೋಗಿದ್ದೆ. ಬೆಲ್ಲದ ಮಂಡಿಯ ಬಳಿ ಪೇಟ ಸುತ್ತಿದ ಲಾರಿ ಡ್ರೈವರೊಬ್ಬರು ಅಪ್ಪನ ಕೈಚೀಲದ ಉಳಿ, ಗರಗಸ ನೋಡಿ ಓಡಿಬಂದರು. ಲಾರಿಗಳು ನಿಲ್ಲುವ ಬೀದಿಯಲ್ಲಿದ್ದ ಸಿಖ್ಖರ ಪುಟ್ಟ ಗುರುದ್ವಾರಕ್ಕೆ ನಮ್ಮನ್ನು ಕರೆದೊಯ್ದರು.

ಒಳಗೆ ತುಪ್ಪದ ಘಮ. ಗಿಡ್ಡ ಮಂಚದ ಮೇಲೆ ದೊಡ್ಡ ಗ್ರಂಥ. ಅದರ ಹಿಂದೆ ಕುಳಿತು ಬಿಳಿ ಗಡ್ಡದ ಒಬ್ಬರು ರಾಗವಾಗಿ ಓದುತ್ತಿದ್ದರು. ಆ ಗ್ರಂಥವನ್ನು ಓದುವ, ಬೆಳಿಗ್ಗೆ ತೆರೆದು ಸಂಜೆ ಮಗುವಿನಂತೆ ಬಟ್ಟೆ ಸುತ್ತಿ ಮಲಗಿಸುವ ಅವರನ್ನು ಗ್ರಂಥಿ ಎನ್ನುತ್ತಾರೆ. ನಿಮ್ಮ ವಿಜ್ಞಾನದ ಪಾಠದ ಗ್ರಂಥಿಯಲ್ಲ!

ಆದರೆ ಅಂದಿನದು ಎರಡು ಹಗಲು, ಎರಡು ರಾತ್ರಿ ಎಲ್ಲೂ ನಿಲ್ಲದೆ ಓದುವ ವ್ರತ. ಮುಂದಿನ ಸರದಿ ಓದಲು ಬರಬೇಕಾದವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಬೆಳಗಿನಿಂದ ಇವರೊಬ್ಬರೇ ಓದುತ್ತಿದ್ದರು. ಈಗ ಮಂಚದ ಕಾಲು ಬೇರೆ ಸೀಳಿತ್ತು.

"ಓದೋದು ನಿಲ್ಲಿಸಂಗಿಲ್ವಂತೆ ಕಣಮ್ಮ. ಸುತ್ತಿಗೆ ಹೊಡೆಯಂಗಿಲ್ಲ," ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿ, ಅಲ್ಲಿಯ ರೂಢಿಯಂತೆ ತಲೆಗೆ ಟವೆಲು ಕಟ್ಟಿಕೊಂಡರು.

ಹೊರಗೆ ಜಗಲಿಯಲ್ಲಿ ಹೊಸ ಕಾಲು ಕೆತ್ತಿ ತಂದರು. ಅಲ್ಲಿದ್ದವರಲ್ಲಿ ಇಬ್ಬರು ಮಂಚದ ಮೂಲೆಯನ್ನು ಕೂದಲೆಳೆಯಷ್ಟು ಎತ್ತಿದರು. ಹಳೆಯ ಕಾಲು ಚಟ್ಟೆಂದು ಮುರಿಯಿತು. ಮಂಚ ಓಲಿತು. ಎಲ್ಲರ ಉಸಿರು ನಿಂತಿತು, ಗ್ರಂಥಿಯ ಓದು ಮಾತ್ರ ನಿಲ್ಲಲಿಲ್ಲ. ಅವರ ಒಂದು ಅಂಗೈ ಹಾಳೆಯ ಮೇಲೆ ಮೆಲ್ಲಗೆ ಬಂತು, ಅಷ್ಟೆ. ಅಪ್ಪ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಅಂಗೈಯಿಂದಲೇ ಒತ್ತಿ ಒತ್ತಿ ಹೊಸ ಕಾಲನ್ನು ಕೂರಿಸಿದರು. ಅವರ ಬೆನ್ನೆಲ್ಲ ಬೆವರು.

ಬಿಸಿಲು ಇಳಿಯುವಾಗ ಸರದಿಯವರು ಬಂದರು. ಅವರು ಪಕ್ಕದಲ್ಲಿ ಕುಳಿತು ಅದೇ ಸಾಲಿಗೆ ದನಿ ಸೇರಿಸಿದ ಮೇಲೆಯೇ ಗ್ರಂಥಿ ಎದ್ದದ್ದು. ಜೋಮು ಹಿಡಿದ ಕಾಲೆಳೆಯುತ್ತಾ ಜಗಲಿಗೆ ಬಂದು, ಅಪ್ಪನಿಗೂ ನನಗೂ ತಾವೇ ರೊಟ್ಟಿ, ಬೇಳೆ ಬಡಿಸಿದರು.

"ಮೊದ್ಲು ನೀವು ನೀರು ಕುಡೀರಿ ಸ್ವಾಮಿ," ಎಂದರು ಅಪ್ಪ.

ಅವರು ಒಡೆದ ದನಿಯಲ್ಲಿ, ಬಂದಷ್ಟು ತೆಲುಗಿನಲ್ಲಿ "ಮುಂದು ಮೀರು" ಎಂದರು. ಮೊದಲು ನೀವು ಎಂದು. ನಾವು ತುತ್ತು ಬಾಯಿಗಿಟ್ಟ ಮೇಲೆ ಲೋಟ ಎತ್ತಿದರು.

ಈಗ ನಿಮ್ಮ ಸೀಡಿ ಪ್ಲೇಯರಿನಲ್ಲಿ ಒಂದು ಗುಂಡಿ ಒತ್ತಿದರೆ ಹಾಡು ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಬಲು ಸುಖ, ನನಗೂ ಆ ಗುಂಡಿ ಇಷ್ಟ. ಆದರೆ ನಿಲ್ಲಬಾರದ್ದೊಂದನ್ನು ಒಬ್ಬ ಮನುಷ್ಯ ಇಡೀ ದಿನ ತನ್ನ ಗಂಟಲಿನಲ್ಲೇ ಕಾಪಾಡಿದ್ದನ್ನು, ಮಕ್ಕಳೇ, ನಾನು ಕಣ್ಣಾರೆ ಕಂಡಿದ್ದೇನೆ.