ತಟ್ಟೆ ಬೋರಲು ಹಾಕಿ ಬರೆದ ಅರ್ಜಿ

ನಮ್ಮಂಥವರಿಗೆ ಹೆತ್ತವರಿಂದ ಬಳುವಳಿಯಾಗಿ ಬರುವುದು ಬೋಳುತಲೆ, ಹೆಚ್ಚೆಂದರೆ ಗೊರಕೆ. ಆಸ್ಪತ್ರೆಯ ಲಾಂಡ್ರಿಯ ಸೂಪರ್‌ವೈಸರಮ್ಮನಿಗೆ ಬಂದದ್ದು ಒಂದು ಸ್ಟೀಲ್ ತಟ್ಟೆ, ಜೊತೆಗೆ ಅನ್ಯಾಯ ಕಂಡರೆ ಕಿವಿ ಬಿಸಿಯಾಗುವ ಕಾಯಿಲೆ.

ಅವಳ ಅಪ್ಪ ಅದೇ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ, ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ವಾರಕ್ಕೊಂದು ಅರ್ಜಿ ಬರೆಯದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ಊಟವಾದ ಮೇಲೆ ಅಪ್ಪ ತಟ್ಟೆ ತೊಳೆದು ಒರೆಸಿ, ಕಾಗದದ ಮೇಲೆ ಬೋರಲು ಹಾಕಿ, ಸುತ್ತ ಪೆನ್ಸಿಲ್ ಎಳೆಯುತ್ತಿದ್ದ. ಆ ಗೆರೆಯ ಮೇಲೇ ಎಲ್ಲರೂ ರುಜು ಹಾಕಬೇಕು.

"ಉದ್ದಕ್ಕೆ ಹಾಕಿದರೆ ಮೊದಲನೇ ಹೆಸರಿನವರ ಕುತ್ತಿಗೆ ಹಿಡೀತಾರೆ. ದುಂಡಗೆ ಹಾಕಿದರೆ ಯಾರ ಕುತ್ತಿಗೆ ಹಿಡೀತಾರೆ, ಹೇಳು ಪುಟ್ಟಿ?"

"ತಟ್ಟೇದು" ಎಂದಿದ್ದಳು ಎಂಟು ವರ್ಷದ ಪುಟ್ಟಿ.

ಒಮ್ಮೆ ಅರ್ಜಿಯ ಒಕ್ಕಣೆಯ ಬಗ್ಗೆ ಗಂಡಹೆಂಡಿರಿಗೆ ಜಟಾಪಟಿಯಾಗಿ, ಅಮ್ಮ ಕುಕ್ಕಿದ ರಭಸಕ್ಕೆ ತಟ್ಟೆಯ ಅಂಚು ಒಂದು ಕಡೆ ನೆಗ್ಗಿತು.

ಅಪ್ಪ ತೀರಿಕೊಂಡ. ಅಮ್ಮ ನಿವೃತ್ತಳಾದಳು. ಪುಟ್ಟಿ ಸೂಪರ್‌ವೈಸರಮ್ಮನಾದಳು, ಮೇಜು ಬಂತು, ಮೇಜಿನ ಮೇಲೆ ಪುಟ್ಟ ಫ್ಯಾನೂ ಬಂತು. ಕಿವಿ ತಣ್ಣಗಾಯಿತು. ಇಸ್ತ್ರಿ ಕೋಣೆಯ ಫ್ಯಾನು ಕೆಟ್ಟು ಮೂರು ತಿಂಗಳಾಗಿ, ಇಬ್ಬರು ಹೆಂಗಸರು ತಲೆ ಸುತ್ತಿ ಬಿದ್ದರೂ "ಮೇಲೆ ಹೇಳಿದ್ದೀನಿ ಕಣ್ರಮ್ಮಾ" ಎಂದು ದಿನ ದೂಡುತ್ತಿದ್ದಳು.

ಒಂದು ಬೆಳಿಗ್ಗೆ ಮ್ಯಾನೇಜರು ಕರೆಸಿ, ಫ್ಯಾನು ಬೇಕೆಂಬ ಅರ್ಜಿಯೊಂದನ್ನು ಮುಂದೆ ಎಸೆದರು. "ಮೊದಲು ಸಹಿ ಹಾಕಿದೋಳು ಯಾರು? ಸಂಜೆಯೊಳಗೆ ಹೇಳಿ. ಅವಳು ಮನೆಗೆ. ಹೇಳದಿದ್ದರೆ ನೀವು ಮನೆಗೆ."

ಸಹಿಗಳು ದುಂಡಗಿದ್ದವು. ವೃತ್ತ ಒಂದು ಕಡೆ ನೆಗ್ಗಿತ್ತು.

ಮಧ್ಯಾಹ್ನ ಅರ್ಜಿ ಹಿಡಿದು ಮನೆಗೆ ಓಡಿಬಂದಳು. "ಅಮ್ಮಾ, ಇದು ನಿಂದೇ ಕೆಲಸ ತಾನೆ?"

"ತಟ್ಟೆ ಕೇಳಿದರು, ಕೊಟ್ಟೆ. ಎರವಲು ಕೊಡೋದೂ ತಪ್ಪೇನೇ?"

"ನನ್ನ ನೌಕರಿ ಹೋಗುತ್ತಮ್ಮಾ!"

"ಹೋಗಬಹುದು" ಎಂದಳು ಅಮ್ಮ, ಅನ್ನ ಬಡಿಸುತ್ತ. "ನೆಗ್ಗಿರೋ ಕಡೆ ಜಾಗ ಖಾಲಿ ಇದೆ, ನೋಡಿದೆಯಾ? ನಾನೇ ಬಿಡೋಕೆ ಹೇಳಿದ್ದು."

"ಯಾರಿಗೆ?"

"ಫ್ಯಾನಿನ ಮುಂದೆ ಕೂತಿರೋರಿಗೆ."

ಅನ್ನ ಬಿಟ್ಟು ಎದ್ದಳು. ಎಷ್ಟೋ ವರ್ಷದ ಮೇಲೆ ಕಿವಿ ಬಿಸಿಯಾಯಿತು.

ಸಂಜೆ ಮ್ಯಾನೇಜರ ಮುಂದೆ ಕಾಗದ ಇಟ್ಟಳು. ಖಾಲಿ ಜಾಗದಲ್ಲಿ ಅವಳ ರುಜು. ನೆಗ್ಗಿದ ಗೆರೆಯ ಮೇಲೆ ಹಾಕಿದ್ದರಿಂದ ಅದೂ ಸ್ವಲ್ಪ ಸೊಟ್ಟ.

"ಮೊದಲನೆಯವಳು ಯಾರ್ರೀ?"

"ತಿರುಗಿಸಿ ನೋಡಿ ಸರ್. ಗೊತ್ತಾದರೆ ನನಗೂ ಹೇಳಿ."

ಮ್ಯಾನೇಜರು ಕಾಗದ ತಿರುಗಿಸಿದರು, ಆಮೇಲೆ ತಲೆ ತಿರುಗಿಸಿದರು. ಲಾಂಡ್ರಿಯವರನ್ನೆಲ್ಲ ಮನೆಗೆ ಕಳಿಸಿದರೆ ನಾಳೆ ಆಸ್ಪತ್ರೆಯ ಹಾಸಿಗೆಗಳಿಗೆ ಏನು ಹೊದಿಸುವುದೆಂದು ಲೆಕ್ಕ ಹಾಕಿರಬೇಕು. ಕೊನೆಗೆ ಕುತ್ತಿಗೆ ಉಳುಕಿದ್ದು ಅವರದೇ. "ಸೋಮವಾರ ಫ್ಯಾನು ಬರುತ್ತೆ, ಹೋಗಿ" ಎಂದರು.

ಸೋಮವಾರದವರೆಗೆ ಇರಲಿ ಎಂದು ಸೂಪರ್‌ವೈಸರಮ್ಮ ತನ್ನ ಮೇಜಿನ ಫ್ಯಾನನ್ನು ಇಸ್ತ್ರಿ ಕೋಣೆಗೆ ಹೊತ್ತುಕೊಂಡು ಹೋಗಿ ಇಟ್ಟಳು. ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದು ಹೇಳಿದಳು: "ಹಸಿವಮ್ಮಾ. ಆ ತಟ್ಟೇಲೇ ಬಡಿಸು."

"ಅದೆಲ್ಲಿದೆ? ಆಸ್ಪತ್ರೆ ಅಡಿಗೆಮನೆಯವರು ಬಂದು ಈಗಷ್ಟೇ ಇಸ್ಕೊಂಡು ಹೋದರು" ಎಂದಳು ಅಮ್ಮ.