ಯಾರೂ ಕೂರದೆ ಮುಗಿದ ಗ್ಯಾರಂಟಿ

ನಮ್ಮ ಮನೆಯ ಸೋಫಾಕ್ಕೆ ಒಂದು ವರ್ಷದ ಗ್ಯಾರಂಟಿ ಇತ್ತು. ಅದರಲ್ಲಿ ಹನ್ನೊಂದು ತಿಂಗಳು ಅದರ ಮೇಲೆ ಯಾರೂ ಕೂರಲಿಲ್ಲ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಬೈಲಹೊಂಗಲದಲ್ಲಿ ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಮಾರುಕಟ್ಟೆಗೆ ಬಂದ ಹತ್ತಿ, ಕಿತ್ತೂರು ರಸ್ತೆಯ ಗುಂಡಿ, ರಾಮದುರ್ಗಕ್ಕೆ ಹೊರಡದ ಬಸ್ಸು, ಎಲ್ಲವನ್ನೂ ಬರೆಯುತ್ತೇನೆ. ವರ್ಷಕ್ಕೊಮ್ಮೆ ಗ್ರಾಹಕರ ಹಕ್ಕುಗಳ ಬಗ್ಗೆ ಒಂದು ಸಭೆ ನಡೆಯುತ್ತದೆ. ಬಿಲ್ಲು ಪಡೆಯಿರಿ, ಅದರಲ್ಲಿ ವಸ್ತುವಿನ ವಿವರ ಬರೆಸಿ, ಗ್ಯಾರಂಟಿಗೆ ಅಂಗಡಿಯ ಮುದ್ರೆ ಹಾಕಿಸಿ ಎಂಬ ಮಾತುಗಳು ಪ್ರತಿ ವರ್ಷವೂ ವರದಿಯಲ್ಲಿರುತ್ತವೆ. ಭಾಷಣಕಾರರು ಬದಲಾದರೂ ಮಾತು ಬದಲಾಗುವುದಿಲ್ಲ. ಒಮ್ಮೆ ನಾನು ಸಭೆ ಮುಗಿದ ಮೇಲೆ ತಲುಪಿದ್ದೆ. ವರದಿಯಲ್ಲಿ ಒಂದು ತಪ್ಪೂ ಇರಲಿಲ್ಲ.

ಆದ್ದರಿಂದ ಸೋಫಾ ಕೊಂಡ ದಿನ ಬಿಲ್ಲು ಕೇಳಿದೆ. ಅಂಗಡಿಯ ಸಾಹುಕಾರರು ಪರಿಚಯದವರು. ನಮ್ಮ ಕಡೆ ಪರಿಚಯದವರಿಗೆ ಬಿಲ್ಲು ಕೇಳುವುದೆಂದರೆ ಬೀಗರ ಮನೆಯಲ್ಲಿ ಊಟಕ್ಕೆ ಕುಳಿತು ತಾಟು ತೊಳೆದಿದ್ದೀರಾ ಎಂದು ಕೇಳಿದ ಹಾಗೆ.

"ಏನ್ರಿ ಪೇಪರಿನವರ, ನಮ್ಮ ಮ್ಯಾಲೆ ನಂಬಿಗಿ ಇಲ್ಲೇನ್ರಿ?" ಎಂದರು.

"ನಿಮ್ಮ ಮ್ಯಾಲೆ ಐತ್ರಿ. ಸೋಫಾದ ಮ್ಯಾಲೆ ಇನ್ನೂ ಕುಂತಿಲ್ಲ."

ಅವರು ನಕ್ಕು ಬಿಲ್ಲು ಬರೆದರು. 'ಸಾಗವಾನಿ ಚೌಕಟ್ಟು, ಒಂದು ವರ್ಷ ಗ್ಯಾರಂಟಿ' ಎಂದು ನಾನೇ ಹೇಳಿ ಬರೆಸಿ, ಮುದ್ರೆ ಹಾಕಿಸಿಕೊಂಡು ಬಂದೆ.

ಮನೆಗೆ ಬಂದ ಸೋಫಾಕ್ಕೆ ಹೆಂಡತಿ ಅರಿಷಿಣ ಕುಂಕುಮ ಹಚ್ಚಿದಳು. ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲಿಲ್ಲ. ಹಾಳೆಯ ಮೇಲೆ ಅವ್ವ ಹಳೆಯ ಸೀರೆಗಳಿಂದ ಹೊಲಿದಿದ್ದ ಕೌದಿ ಹೊದಿಸಿದಳು. ಇನ್ನು ಅದು ಬಂದವರಿಗೆ. ನಾವು ಎಂದಿನಂತೆ ಅದರ ಮುಂದೆ ಚಾಪೆ ಹಾಸಿ, ಅದಕ್ಕೆ ಬೆನ್ನು ಕೊಟ್ಟು ಟಿವಿ ನೋಡಿದೆವು. ಬಂದವರು ಕೌದಿಯನ್ನು ಕಂಡು, ಇದು ಯಾರೋ ದೊಡ್ಡವರಿಗೆ ಕಾದಿಟ್ಟದ್ದೆಂದು ತಿಳಿದು, ತಾವೂ ಚಾಪೆಯ ಮೇಲೆಯೇ ಕುಳಿತರು. ಆ ದೊಡ್ಡವರು ಬರಲಿಲ್ಲ.

"ಒಮ್ಮೆ ಕುಂತರ ನೋಡ ಬೇ," ಎಂದು ಅವ್ವನಿಗೆ ಹೇಳಿದ್ದೆ.

"ನಾ ಕುಂತ ಹಳೇದ ಮಾಡಿದ್ರ, ನಾಳೆ ಬಂದವ್ರಿಗೆ ಏನ ತೋರಸ್ತಿ?" ಎಂದಳು.

ಹನ್ನೊಂದನೆಯ ತಿಂಗಳ ಕೊನೆಯಲ್ಲಿ ಅವ್ವ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಳು. ಸೊಂಟದ ಎಲುಬಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಇನ್ನು ನೆಲದ ಮೇಲೆ ಕೂರುವಂತಿಲ್ಲ ಎಂದು ವೈದ್ಯರು ಹೇಳಿದರು. ತೋಳಿರುವ ಗಟ್ಟಿ ಆಸನ ಬೇಕು, ತಾನೇ ಕೂರಬೇಕು, ತಾನೇ ಏಳಬೇಕು. ಕೈ ಹಿಡಿದು ಎಬ್ಬಿಸುವುದನ್ನು ರೂಢಿ ಮಾಡಿದರೆ ಮುಂದೆ ಕೈ ಬಿಡಿಸುವುದು ಕಷ್ಟ ಎಂದರು. ಪ್ಲಾಸ್ಟಿಕ್ ಕುರ್ಚಿ ಅವ್ವನ ಕೈಭಾರಕ್ಕೆ ಜಾರುತ್ತಿತ್ತು. ಮಂಚ ಎತ್ತರ, ಹಿಡಿಯಲು ತೋಳಿಲ್ಲ. ಕೊನೆಗೆ ಕೌದಿ ತೆಗೆದೆವು. ಮನೆಗೆ ಬಂದ ಮೊದಲ ದೊಡ್ಡವರು ಅವ್ವನೇ ಆದಳು.

ಎರಡು ತಿಂಗಳು ಸೋಫಾ ತನ್ನ ಕೆಲಸ ಮಾಡಿತು. ಆಮೇಲೆ ಒಂದು ಬೆಳಿಗ್ಗೆ ಒಳಗೆ ಕಟಕ್ ಎಂದಿತು. ಆಸನ ಗುಳಿಬಿದ್ದು ಅವ್ವನ ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದವು. ನಾನು ಕೈ ಚಾಚಿದೆ. "ಬ್ಯಾಡ," ಎಂದಳು. ನಾಲ್ಕು ಸಲ ಪ್ರಯತ್ನಿಸಿದಳು. ಐದನೆಯ ಸಲ ತಾನೇ ಕೈ ಕೊಟ್ಟಳು.

ಅದು ಒಂದು ದಿನಕ್ಕೆ ನಿಲ್ಲಲಿಲ್ಲ. ಆಸನದ ಅಡಿಯಲ್ಲಿ ಹಲಗೆ ಇಟ್ಟು, ದಿಂಬು ತುರುಕಿ ನೋಡಿದೆವು. ಹಲಗೆಯೂ ಜಾರಿತು. ಕೆಲವು ದಿನಗಳಲ್ಲಿ ಅವ್ವ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಯಾಕೆಂದು ಹೆಂಡತಿ ಕೇಳಿದಾಗ, "ಕುಡದ್ರ ಏಳಬೇಕಲ್ಲ," ಎಂದಳು.

ನಾನು ಬಿಲ್ಲು ಹಿಡಿದು ಅಂಗಡಿಗೆ ಹೋದೆ. ಸಾಹುಕಾರರು ತಾರೀಖು ನೋಡಿದರು.

"ಗ್ಯಾರಂಟಿ ಮುಗದ ಎರಡ ತಿಂಗಳ ಆಗೇತಲ್ರಿ."

"ಹನ್ನೊಂದ ತಿಂಗಳ ಯಾರೂ ಕುಂತಿಲ್ರಿ."

"ಕುಂದರಬ್ಯಾಡ್ರಿ ಅಂತ ನಾವ್ ಹೇಳಿದ್ವೇನ್ರಿ?"

ಅವರು ಮುಂದುವರಿದರು. "ಚಕ್ಕಳಬಕ್ಕಳ ಹಾಕಿ ಕುಂತಿರಬೇಕು. ಹಂಗ ಕುಂತ್ರ ಭಾರ ಎಲ್ಲಾ ಒಂದ ಕಡೆ ಬೀಳತೈತ್ರಿ. ಅದಕ್ಕ ಗ್ಯಾರಂಟಿ ಬರೂದಿಲ್ಲ."

"ಸೊಂಟ ಮುರದಾಕಿ ಕಾಲ ಹೆಂಗ ಮಡಚ್ತಾಳ್ರಿ?"

"ಹಂಗಾರ ಬಂದ ಮಂದಿ ಮಡಚಿರಬೇಕು."

ಇದನ್ನು ಹೇಳುವಾಗ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ, ತಮ್ಮ ಅಂಗಡಿಯದೇ ಗಾದಿ ಕುರ್ಚಿಯ ಮೇಲೆ, ಚಕ್ಕಳಬಕ್ಕಳ ಹಾಕಿಕೊಂಡು ಕುಳಿತಿದ್ದರು ಎಂಬುದನ್ನು ದಾಖಲೆಗಾಗಿ ಹೇಳಬೇಕು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ಊರ ಮಂದಿಗೆಲ್ಲಾ ಹಕ್ಕ ಹೇಳತೀರಿ. ಮನ್ಯಾಗ ಅತ್ತಿ ಏಳಾಕ ಆಗವಲ್ತು," ಎಂದಳು.

ಮರುದಿನ ಮುರಗೋಡದಿಂದ ಗಾದಿ ಹೊಲಿಯುವ ಚಾಚಾ ಬಂದರು. ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಮಾಡುವ ಮನೆತನ. ಈಗ ಸೋಫಾಗಳನ್ನೂ ದುರಸ್ತಿ ಮಾಡುತ್ತಾರೆ. ಅವರು ಸೋಫಾವನ್ನು ಬೋರಲು ಹಾಕಿ, ಅಡಿಯ ಕಪ್ಪು ಬಟ್ಟೆಯನ್ನು ಕೊಯ್ದರು. ಒಳಗಿದ್ದುದು ಬಿಳಿಯ ಹಗುರ ಕಟ್ಟಿಗೆ. ಒಂದು ಪಟ್ಟಿಯ ಮೇಲೆ ನೀಲಿ ಬಣ್ಣದಲ್ಲಿ ಅರ್ಧ ದ್ರಾಕ್ಷಿ ಗೊಂಚಲಿನ ಚಿತ್ರವಿತ್ತು.

"ಸಾಗವಾನಿ ಅಲ್ರಿ ಇದು," ಎಂದರು ಚಾಚಾ. "ದ್ರಾಕ್ಷಿ ತುಂಬೂ ಕಟ್ಟಿಗಿ ಪೆಟ್ಟಿಗಿ, ಖೋಕಾ. ಖೋಕಾಕ್ಕ ಅಂಗಿ ಹೊಲಿಸ್ಯಾರ."

"ಒಂದ ವರ್ಷ ಹೆಂಗ ಬಾಳಿಕಿ ಬಂತ ಚಾಚಾ?"

"ನೀವ್ ಕುಂತಿಲ್ಲಲ್ರಿ, ಅದಕ್ಕ ಬಂತು. ಮೊದಲನೇ ದಿನಾನ ಕುಂತಿದ್ರ ಎರಡ ತಿಂಗಳಿಗೇ ಮುರೀತಿತ್ತು."

"ಆಗ ಗ್ಯಾರಂಟಿ ಇರ್ತಿತ್ತು," ಎಂದೆ. ಹೆಂಡತಿ ಕೌದಿಯನ್ನು ಒಳಗೆ ಒಯ್ದಳು.

ಬಿಲ್ಲು ತೆಗೆದುಕೊಳ್ಳಿ ಎಂದು ಪ್ರತಿ ವರ್ಷವೂ ಬರೆದವನು ನಾನು. ಕೊಂಡದ್ದನ್ನು ಬಳಸಿ ಎಂದು ಒಮ್ಮೆಯೂ ಬರೆದಿರಲಿಲ್ಲ. ಅದನ್ನು ಹೇಳಬೇಕಾಗುತ್ತದೆಂದು ಯಾವ ಭಾಷಣಕಾರರಿಗೂ ಹೊಳೆದಿರಲಿಲ್ಲ. ಹಳೆಯ ವರದಿಗಳನ್ನು ತೆಗೆದು ನೋಡಿದೆ. ಸವದತ್ತಿಯ ಸಭೆಯೊಂದರಲ್ಲಿ ವಕೀಲರೊಬ್ಬರು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಸಿಕ್ಕಿತು: ಗ್ಯಾರಂಟಿ ಮುಗಿದ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. ಬಿಲ್ಲಿನಲ್ಲಿ ಒಂದು ಬರೆದು ಇನ್ನೊಂದು ಕೊಟ್ಟಿದ್ದರೆ, ದೋಷ ಕಣ್ಣಿಗೆ ಕಾಣದಂತೆ ಒಳಗಿದ್ದರೆ, ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಇದನ್ನು ನಾನು ಬರೆದು ಕಳಿಸಿದ್ದೆ. ಜಾಗವಿಲ್ಲವೆಂದು ಪತ್ರಿಕೆಯ ಕಚೇರಿಯಲ್ಲಿ ಆ ಕೊನೆಯ ಪ್ಯಾರಾವನ್ನು ಕತ್ತರಿಸಿದ್ದರು.

ನೋಟೀಸು ಬರೆದೆ. ಪತ್ರಿಕೆಯ ಹೆಸರಿರುವ ಕಾಗದ ಬಳಸಲಿಲ್ಲ, ವಿಶೇಷಣಗಳನ್ನೂ ಬಳಸಲಿಲ್ಲ. ಬಿಲ್ಲಿನ ನಕಲು, ದ್ರಾಕ್ಷಿಯ ಫೋಟೋ, ಚಾಚಾ ಸಹಿ ಮಾಡಿದ ಹೇಳಿಕೆ ಜೊತೆಗಿಟ್ಟೆ. ಹದಿನೈದು ದಿನದಲ್ಲಿ ಬದಲಿಸಿ ಕೊಡದಿದ್ದರೆ ಬೆಳಗಾವಿಯ ಆಯೋಗಕ್ಕೆ ಹೋಗುವುದಾಗಿ ತಿಳಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಅಂಚೆ ಕಚೇರಿಗೂ ಅಂಗಡಿಗೂ ನಡುವೆ ಒಂದು ಹೋಟೆಲು ಮಾತ್ರ ಇದೆ.

ಆರನೆಯ ದಿನ ಸಂಜೆ ಸಾಹುಕಾರರೇ ಮನೆಗೆ ಬಂದರು. ಹೆಂಡತಿ ರೂಢಿಯಂತೆ ಸೋಫಾದ ಕಡೆ ಕೈ ತೋರಿಸಿ, "ಬರ್ರಿ, ಕುಂದರ್ರಿ," ಎಂದಳು. ಅವರು ಸೋಫಾವನ್ನು ಒಮ್ಮೆ ನೋಡಿದರು.

"ಇರ್ಲಿ ಬಿಡ್ರಿ ತಂಗಿ, ನಾ ಇಲ್ಲೇ ಕುಂದರತೇನಿ," ಎಂದು ಚಾಪೆಯತ್ತ ನಡೆದರು.

ಮಂಚದ ಅಂಚಿನಲ್ಲಿದ್ದ ಅವ್ವ, "ಯಾಕ್ರಿ ಸಾವ್ಕಾರ್ರ, ಬಂದವ್ರಿಗಂತನ ಕಾದಿಟ್ಟೇವಿ," ಎಂದಳು.

"ಬ್ಯಾಡ್ರಿ ಅಮ್ಮಾರ. ನೆಲಾನ ಆರಾಮ."

ನೋಟೀಸಿನಲ್ಲಿ ಬರೆಯದ ಸಾಕ್ಷ್ಯ ಇದೊಂದೇ. ಚಹಾ ಬಂತು. "ಮಾಲು ಹೊರಗಿಂದ ಹಂಗ ಬರತೈತ್ರಿ, ನಾವೇನ ಹರದ ನೋಡ್ತೇವೇನು? ಬಾಯಿಲೆ ಹೇಳಿದ್ರ ಆಗ್ತಿತ್ತು, ನೋಟೀಸ ಯಾಕ ಬೇಕಾಗಿತ್ತು?" ಎಂದರು.

"ಬಾಯಿಲೆ ಹೇಳಿದ್ನೆಲ್ರಿ. ಕಾಲ ಮಡಚಿದ ಲೆಕ್ಕ ತಗದ್ರಿ."

ಅವರು ಚಹಾ ಮುಗಿಸಿದರು. ಬೇರೆ ಸೋಫಾ ಕೊಡಲು ಒಪ್ಪಿದರು. ಕಟ್ಟಿಗೆ ಕಾಣುವಂತೆ ಅಡಿಯ ಬಟ್ಟೆ ಹೊಲಿಯದೆ ಕಳಿಸಬೇಕು ಎಂಬುದನ್ನೂ ನಾನು ಕಾಗದದ ಮೇಲೆ ಬರೆಸಿಕೊಂಡೆ. ಹೊರಡುವಾಗ ಅವರು ಚಾಪೆಯಿಂದ ಏಳಲು ಗೋಡೆ ಹಿಡಿದರು, ಒಂದು ಮೊಣಕಾಲು ಊರಿದರು, ಉಸಿರು ಬಿಟ್ಟರು.

"ಏಳೂದು ತ್ರಾಸ ಐತಲ್ರಿ?" ಎಂದಳು ಅವ್ವ.

"ಹೌದ್ರಿ ಅಮ್ಮಾರ," ಎಂದರು. ಆ ದಿನ ಇಬ್ಬರೂ ಒಪ್ಪಿದ ಮಾತು ಅದು.

ಎರಡು ವಾರದ ಮೇಲೆ ಟಂಟಂ ಗಾಡಿಯಲ್ಲಿ ಹೊಸ ಸೋಫಾ ಬಂತು. ಕಟ್ಟಿಗೆಯನ್ನು ಚಾಚಾ ಬಂದು ಬಗ್ಗಿ ನೋಡಿ, ಸಾಗವಾನಿಯೇ ಎಂದು ತಲೆಯಾಡಿಸಿದರು. ಗಾಡಿಯವನು ಒಂದು ಕಾಗದ ಮುಂದೆ ಹಿಡಿದ. ಸಾಮಾನು ಸರಿಯಾಗಿ ಮುಟ್ಟಿದೆ, ಯಾವ ತಕರಾರೂ ಇಲ್ಲ ಎಂದು ಅದರಲ್ಲಿತ್ತು. ನಾನು ಪೆನ್ನು ತೆಗೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕೌದಿ ತಂದಿದ್ದಳು.

"ತಡೀರಿ ಇಬ್ಬರೂ," ಎಂದಳು ಅವ್ವ.

ಪ್ಲಾಸ್ಟಿಕ್ ಹಾಳೆಯನ್ನು ತಾನೇ ಎಳೆದು ಹಾಕಿ, ತೋಳು ಹಿಡಿದು ಕುಳಿತಳು. ಎದ್ದಳು. ಮತ್ತೆ ಕುಳಿತಳು, ಮತ್ತೆ ಎದ್ದಳು.

"ಅಮ್ಮಾ, ಸಿರಸಂಗಿಗೆ ಇನ್ನೊಂದ ಮಾಲು ಮುಟ್ಟಸೂದೈತಿ," ಎಂದ ಗಾಡಿಯವನು.

"ಅವ್ರಿಗೂ ಕುಂತ ನೋಡಾಕ ಹೇಳು."

ಮೂರನೆಯ ಸಲ ಒಂದೇ ಕೈ ಊರಿ ಎದ್ದು ನಿಂತಳು. ನಂತರ ಸೊಸೆಯನ್ನು ಕರೆದು ಒಂದು ತಂಬಿಗೆ ನೀರು ಕೇಳಿದಳು. ಕುಳಿತು, ಪೂರ್ತಿ ಕುಡಿದಳು. ನಾನು ಸಹಿ ಮಾಡಿದೆ.